ಹದ ಆಗದೆ

ಕೊಯಮತ್ತೂರು
9 ಸೆಪ್ಟೆಂಬರ್ 2024

ಪ್ರೀತಿಯ ಪ್ರೇಮ,

ಎಂಟು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಮೊದಲ ಎರಡು ದಿನ ಬೆಟ್ಟದ ಮೇಲೆ ಸಿಗ್ನಲ್ ಇಲ್ಲವೆಂದುಕೊಂಡೆ. ಮೂರನೇ ದಿನ ರಿಂಗ್ ಪೂರ್ತಿಯಾಗಿ ನಿಂತಿತು, ನಾಲ್ಕನೇ ದಿನ ಮಧ್ಯದಲ್ಲೇ ಕಟ್ಟಾಯಿತು. ಹಾಗಾಗಿ ಕಾಗದ. ಕನ್ನಡದಲ್ಲಿ ಇಷ್ಟುದ್ದ ಬರೆದು ವರ್ಷಗಳಾದವು. ಅಮ್ಮ ಹೋದ ಮೇಲೆ ಬರೆಯುವುದಕ್ಕೆ ಯಾರೂ ಇರಲಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು.

ವಿಷಯ ನಿನ್ನ ಕಿವಿಗೆ ಬಿದ್ದಿರುತ್ತದೆ. ಎಷ್ಟು ನೆಟ್ಟಗೆ ಬಿದ್ದಿದೆಯೋ ತಿಳಿಯದು, ಅದಕ್ಕೆ ಬರೆಯುತ್ತೇನೆ. ಜೂನ್ ತಿಂಗಳಲ್ಲಿ ನಿನ್ನ ಲೇತಿನಲ್ಲಿ ನಮ್ಮ ಕಂಪನಿಗೆ ಕಡೆದು ಕೊಟ್ಟ ನಲವತ್ತು ವಾಲ್ವ್ ಸ್ಪಿಂಡಲ್‌ಗಳಲ್ಲಿ ಒಂದು, ತಿರುಪ್ಪೂರಿನ ಬಣ್ಣದ ಕಾರ್ಖಾನೆಯೊಂದರಲ್ಲಿ, ಆಗಸ್ಟ್ 26ರ ಬೆಳಿಗ್ಗೆ, ವಾಲ್ವ್ ತಿರುಗಿಸುವಾಗ ಮುರಿಯಿತು. ಒಳಗಿದ್ದ ಕುದಿಯುವ ಬಣ್ಣದ ನೀರು ಹೊರಗೆ ಚಿಮ್ಮಿತು. ಕೆಲಸದವನೊಬ್ಬನ ಎಡಗೈ ಮೊಣಕೈವರೆಗೆ ಬೆಂದಿದೆ. ಉಳಿದ ಮೂವತ್ತೊಂಬತ್ತನ್ನೂ ವಾಪಸ್ ತರಿಸಿ ಪರೀಕ್ಷೆಗೆ ಕೊಟ್ಟರು. ಒಂದಕ್ಕೂ ಹದ ಆಗಿಲ್ಲ ಎಂದು ವರದಿ ಬಂತು.

ಈ ಉಕ್ಕನ್ನು ಆರಿಸಿದವಳು ನಾನು, ಅದನ್ನು ಮರೆತಿಲ್ಲ. ಮೊದಲು ಹಾಕುತ್ತಿದ್ದ ಉಕ್ಕು ಬಣ್ಣದ ಕಾರ್ಖಾನೆಯ ಉಪ್ಪುನೀರಿಗೆ ತುಕ್ಕು ಹಿಡಿಯುತ್ತಿತ್ತು. ತುಕ್ಕು ಹಿಡಿಯದ ಸಾಮಾನ್ಯ ಸ್ಟೀಲು ವಾಲ್ವಿನ ಬಿಗಿಗೆ ತಿರುಚಿಕೊಳ್ಳುತ್ತಿತ್ತು. ಎರಡನ್ನೂ ತಾಳುತ್ತದೆ ಎಂದು ಈ ಹದಿನೇಳು-ನಾಲ್ಕು ಎಂಬ ಉಕ್ಕನ್ನು ತರಿಸಿದೆ. ಮೂರು ವರ್ಷದ ಹಿಂದೆ ನಿನಗೆ ವಿವರಿಸಿದಾಗ ನೀನು, ‘ಇದು ಕಬ್ಬುಣ ಅಲ್ಲ ಕಣಮ್ಮಿ, ಬೆಲ್ಲದ ಪಾಕ. ಅದಕ್ಕೆ ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ’ ಅಂದಿದ್ದೆ. ಹದ ಎಂಬುದು ನಿನ್ನ ಬಾಯಲ್ಲಿ ಅದ. ಅಂದಿನಿಂದ ನಮ್ಮಿಬ್ಬರ ನಡುವೆ ಆ ಮಾತೇ ನಿಂತಿತು. ಆರುನೂರಿಪ್ಪತ್ತು ಡಿಗ್ರಿಯ ಫರ್ನೇಸಿನಲ್ಲಿ ನಾಲ್ಕು ಗಂಟೆ ಇಟ್ಟು ತೆಗೆದರೆ ಹದ. ಇಡದಿದ್ದರೆ ನೋಡುವುದಕ್ಕೆ ಅದೇ ರಾಡು, ಅದೇ ಹೊಳಪು. ಒಳಗೆ ಮಾತ್ರ ಬಿರುಕಿಗೆ ಕಾದು ಕೂತಿರುತ್ತದೆ.

ನೀನು ಪೆಟ್ಟಿಗೆಯೊಳಗೆ ಇಟ್ಟ ಚೀಟಿಯಲ್ಲಿ ‘ಹದ ಆಗದೆ. ನಲವತ್ತು’ ಎಂದು ನಿನ್ನ ಬಾಯಿಮಾತಿನಲ್ಲೇ ಇದೆ. ಹದ ಆಗದ ಮಾಲಿಗೆ ಆಗಿದೆ ಎಂದು ಏಕೆ ಬರೆದೆ? ಇಲ್ಲಿ ಎಲ್ಲರೂ ಕೇಳುತ್ತಿರುವುದು ಇದೊಂದನ್ನೇ. ನಿನ್ನ ಹೆಸರನ್ನು ಸದ್ಯಕ್ಕೆ ಹೊರಗೆ ಕೆಲಸ ಮಾಡಿಕೊಡುವವರ ಪಟ್ಟಿಯಿಂದ ತೆಗೆದಿದ್ದಾರೆ. ಸದ್ಯಕ್ಕೆ ಎಂಬುದು ನನ್ನ ಮಾತು, ಅವರದ್ದಲ್ಲ.

ದಯವಿಟ್ಟು ಉತ್ತರ ಬರಿ.

ನಿನ್ನ
ಸೌಮ್ಯ


ದೊಡ್ಡಗಾಜನೂರು
23-9-2024

ಸೌಮ್ಯ ಮೇಡಂ ಅವರಿಗೆ,

ನಿಮ್ಮ ಕಾಗದ ಸೇರಿತು. ಫೋನ್ ಎತ್ತದಿರುವುದಕ್ಕೆ ಸಿಗ್ನಲ್ ಕಾರಣ ಅಲ್ಲ. ಫೋನಿನಲ್ಲಿ ನೀವು ಚೆನ್ನಾಗಿ ಮಾತಾಡುತ್ತೀರಿ. ಮುಗಿಯುವ ಹೊತ್ತಿಗೆ ನಾನು ‘ಆಗ್ಲಿ ಬುಡು’ ಅಂದಿರುತ್ತೇನೆ. ಕಾಗದದಲ್ಲಿ ಹಾಗಾಗುವುದಿಲ್ಲ.

ಕೈ ಬೆಂದವನ ಹೆಸರು ನಿಮ್ಮ ಕಾಗದದಲ್ಲಿ ಇಲ್ಲ. ಅವನ ಹೆಸರು ಚಿಕ್ಕಮಾದ. ತಿಗನಾರೆಯವನು. ಆನೆ ನುಗ್ಗಿ ಎರಡು ವರ್ಷ ರಾಗಿ ಕೈಗೆ ಹತ್ತದೆ ಹೋದಾಗ ತಿರುಪ್ಪೂರಿಗೆ ಇಳಿದ. ಆ ಕಾರ್ಖಾನೆಯಲ್ಲಿ ನಮ್ಮ ಬೆಟ್ಟದವರೇ ಹನ್ನೊಂದು ಜನ ಇದ್ದಾರೆ. ಮಾಲು ಅಲ್ಲಿಗೆ ಹೋದದ್ದು ನಾನು ಕಳಿಸಿದ ಪೆಟ್ಟಿಗೆಯಲ್ಲೇ; ಅದರ ಮೇಲೆ ನನ್ನ ವರ್ಕ್‌ಶಾಪಿನ ಹೆಸರು ಇತ್ತಲ್ಲ, ಅದನ್ನು ಅವರೇ ಓದಿದರು. ಸುದ್ದಿ ನಿಮ್ಮ ಆಫೀಸಿಗೆ ಮುಟ್ಟುವ ಮೊದಲೇ ನಮ್ಮ ಊರಿನ ಟೀ ಅಂಗಡಿಗೆ ಮುಟ್ಟಿತ್ತು.

ಅವನನ್ನು ಮನೆಗೆ ಕರೆತಂದರು ಎಂದು ಕೇಳಿ ಹೋಗಿದ್ದೆ. ಅವನ ತಾಯಿ ಮಾಯಮ್ಮ ಬಾಗಿಲಲ್ಲೇ ನಿಂತು, ‘ನೀ ಕಡ್ದ ಕಬ್ಬುಣ ನನ್ ಮಗನ ಕಯ್ ತಿಂತು. ಇನ್ಯಾನ ನೋಡಕ್ ಬಂದಿಯೆ? ಓಗವ್ವ’ ಅಂದರು. ಜಗಳದ ದನಿಯಲ್ಲಿ ಅನ್ನಲಿಲ್ಲ. ಮಾಮೂಲಿ ದನಿ. ನಾನು ಒಯ್ದಿದ್ದ ಹಣ್ಣನ್ನು ಕಟ್ಟೆಯ ಮೇಲೆ ಇಟ್ಟು ಬಂದೆ. ಮಾರನೆಯ ದಿನ ಯಾರೋ ಅದನ್ನು ನನ್ನ ಷೆಡ್ಡಿನ ಮುಂದೆ ಇಟ್ಟು ಹೋಗಿದ್ದರು.

ಹದ ಆಗದೆ ಎಂದು ಏಕೆ ಬರೆದೆ ಎಂದು ಕೇಳಿದ್ದೀರಿ. ನೀವು ಬರೆದಿದ್ದಿರಿ, ಅದಕ್ಕೆ ಬರೆದೆ. ಜೂನ್ 3ನೇ ತಾರೀಕು ಬಸ್ಸಿನಲ್ಲಿ ರಾಡಿನ ಕಟ್ಟು ಬಂತು. ಅದಕ್ಕೆ ಅಂಟಿಸಿದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ‘ಈ ಸಲದ ರಾಡು ಹದ ಆಗದೆ ಬಂದಿದೆ. ಕಡೆದು ಮುಗಿಸಿ ಕಳಿಸು.’ ಹದ ಆಗದೆ, ಬಂದಿದೆ. ಅಂದರೆ ಹದ ಆಗಿದೆ, ಮಾಲು ಬಂದಿದೆ. ಕಡೆದು ಕಳಿಸು. ಹಾಗೆ ಓದಿದೆ.

ನಾನು ಕನ್ನಡ ಮೀಡಿಯಂನಲ್ಲಿ ಓದಿದವಳು. ‘ಆಗದೆ’ ಎಂದರೆ ಪುಸ್ತಕದಲ್ಲಿ ಆಗದೇ ಇರುವುದು, ನಮ್ಮ ಬಾಯಲ್ಲಿ ಆಗಿರುವುದು. ಎರಡೂ ನನಗೆ ಗೊತ್ತು. ಆದರೆ ಮೂರು ವರ್ಷದಿಂದ ನೀವು ಕಳಿಸಿದ ಚೀಟಿಗಳೆಲ್ಲ ಬಾಯಿಮಾತಿನವು. ‘ಅದ ಆಗದೆ ಕಣಮ್ಮಿ, ಕಡಿ.’ ‘ಅದ ಆಗದೆ, ಅರ್ಜೆಂಟು, ಗುರುವಾರದ ಬಸ್ಸಿಗೆ ಆಕು.’ ಆಟಕ್ಕೆ ನನ್ನ ಹಾಗೆ ಬರೆಯುತ್ತಿದ್ದಿರಿ, ನಾನೂ ಓದಿ ನಗುತ್ತಿದ್ದೆ. ಮೂವತ್ತು ಚೀಟಿ ನನ್ನ ಮಾತಿನಲ್ಲಿ ಬರೆದು, ಮೂವತ್ತೊಂದನೆಯದನ್ನು ನಿಮ್ಮ ಮಾತಿನಲ್ಲಿ ಬರೆದಿದ್ದೀರಿ ಎಂದು ನನಗೆ ಹೇಗೆ ತಿಳಿಯಬೇಕಿತ್ತು?

ಲೇತಿನ ಮೇಲೆ ನನಗೆ ತಿಳಿಯಬೇಕಿತ್ತು ಎಂದು ನೀವು ಅನ್ನಬಹುದು. ನಾನೂ ಅಂದುಕೊಂಡಿದ್ದೇನೆ. ಈ ಸಲ ರಾಡಿನಿಂದ ಏಳುವ ಸುರುಳಿ ಉದ್ದುದ್ದ ಬರುತ್ತಿತ್ತು, ಕಡೆಯುವ ಟೂಲು ಬೇಗ ಸವೆಯಿತು. ಹದ ಆಗದ ರಾಡು ಮೆತ್ತಗಿದ್ದಿದ್ದರೆ ಕೈಗೆ ಗೊತ್ತಾಗುತ್ತಿತ್ತು. ಇದು ಹದ ಆದದ್ದಕ್ಕಿಂತ ಒಂದು ಕೂದಲು ಗಟ್ಟಿಯೇ. ಸವೆದ ಟೂಲು ನೋಡಿ, ಈ ಸಲ ಹದ ಚೆನ್ನಾಗಿ ಕೂತಿದೆ ಎಂದುಕೊಂಡೆ.

ಈಗ ನನ್ನ ಮಾತು. ನಿಮ್ಮ ಅಣ್ಣ ಉಮಾಶಂಕರ್ ಅವರು ಬಂದು ಸಂಕ್ರಾಂತಿಯೊಳಗೆ ಷೆಡ್ಡು ಖಾಲಿ ಮಾಡು ಅಂದಿದ್ದಾರೆ. ಊರವರ ಕೈ ಬೇಯಿಸುವ ಕೆಲಸಕ್ಕೆ ಅವರ ಜಾಗ ಕೊಡುವುದಿಲ್ಲವಂತೆ. ರಸ್ತೆ ಪಕ್ಕ ಮೂರು ಫೇಸ್ ಕರೆಂಟಿರುವ ಷೆಡ್ಡು ಅದೊಂದೇ ಎಂದು ನಿಮಗೆ ಗೊತ್ತು. ನನಗೆ ನಿಮ್ಮಿಂದ ಒಂದು ಕಾಗದ ಬೇಕು. ಚೀಟಿ ನಿಮ್ಮದು, ಆ ಮಾತಿಗೆ ನಮ್ಮ ಊರಿನಲ್ಲಿ ಆಗಿದೆ ಎಂದೇ ಅರ್ಥ, ಅದು ನಿಮಗೆ ಗೊತ್ತಿತ್ತು ಎಂದು. ಕೆಳಗೆ ಸಹಿ. ಅದನ್ನು ನಿಮ್ಮ ಅಣ್ಣನಿಗೂ ತಿಗನಾರೆಯಲ್ಲೂ ತೋರಿಸುತ್ತೇನೆ. ಬೇರೇನೂ ಬೇಡ.

ಇಂತಿ,
ಪ್ರೇಮ, ಟರ್ನರ್


ಕೊಯಮತ್ತೂರು
14 ಅಕ್ಟೋಬರ್ 2024

ಪ್ರೇಮ,

‘ಮೇಡಂ’ ಎಂದು ಬರೆದಿದ್ದೀಯ. ಅರ್ಥವಾಯಿತು.

ಹಿಂದಿನ ಕಾಗದದಲ್ಲಿ ನಿನ್ನನ್ನು, ‘ಹಾಗೆ ಏಕೆ ಬರೆದೆ’ ಎಂದು ಕೇಳಿದ್ದೆ. ಕೇಳುವಾಗಲೇ ನನಗೆ ಉತ್ತರ ಗೊತ್ತಿತ್ತು. ಇದನ್ನು ಬರೆಯಲು ಮೂರು ವಾರ ಬೇಕಾಯಿತು.

ನಡೆದದ್ದು ಹೀಗೆ. ಮೇ ಕೊನೆಯಲ್ಲಿ ಹದ ಮಾಡಿದ ರಾಡು ಡೀಲರ್ ಹತ್ತಿರ ಇರಲಿಲ್ಲ. ಬರಲು ಆರು ವಾರ ಎಂದರು. ಹದ ಮಾಡದ್ದು ಅಂದೇ ಸಿಗುತ್ತಿತ್ತು. ಮೊದಲ ವರ್ಷ ಎರಡು ಸಲ ಫೋನಿನಲ್ಲೇ ಮಾತಾಡಿಕೊಂಡು ನಾವು ಹಾಗೆ ಮಾಡಿದ್ದು ನಿನಗೆ ನೆನಪಿರಬಹುದು: ನೀನು ಸ್ವಲ್ಪ ದಪ್ಪ ಬಿಟ್ಟು ಕಡೆದು, ಸತ್ಯಮಂಗಲದ ಫರ್ನೇಸಿಗೆ ಕೊಟ್ಟು, ಅವರ ಚೀಟಿ ಸಮೇತ ಕಳಿಸಿದ್ದೆ. ಈ ಸಲವೂ ಹಾಗೇ ಎಂದುಕೊಂಡು ಹದವಿಲ್ಲದ್ದನ್ನು ಆರಿಸಿದೆ. ಕಂಪನಿಯ ಚಲನ್‌ನಲ್ಲಿ ಉಕ್ಕಿನ ಹೆಸರು, ದಪ್ಪ, ತೂಕ ಬಿಟ್ಟು ಬೇರೇನೂ ಇರುವುದಿಲ್ಲ. ಹದದ ಮಾತು ನನ್ನ ಚೀಟಿಯಲ್ಲಿ ಮಾತ್ರ. ಅಂದು ಎದುರಿಗೆ ಮ್ಯಾನೇಜರ್ ಕೂತಿದ್ದರು, ಫೋನ್ ಕಿವಿಯಲ್ಲಿತ್ತು. ಆಟಕ್ಕೆ ಬರೆಯುವ ಮನಸ್ಸಿರಲಿಲ್ಲ. ನೆಟ್ಟಗೆ ಬರೆಯೋಣ ಎಂದು ಹಾಸ್ಟೆಲಿನಿಂದ ಅಮ್ಮನಿಗೆ ಬರೆಯುತ್ತಿದ್ದ ಕನ್ನಡದಲ್ಲಿ ಬರೆದೆ. ನೆಟ್ಟಗೆ ಬರೆದದ್ದೇ ತಪ್ಪಾಯಿತು.

ಒಂಬತ್ತು ದಿನದಲ್ಲಿ ನಿನ್ನ ಪೆಟ್ಟಿಗೆ ಬಂತು. ನಿನ್ನ ಚೀಟಿಯನ್ನು ನಿನ್ನ ಮಾತಿನಲ್ಲೇ ಓದಿಕೊಂಡೆ: ಹದ ಆಗಿದೆ. ಫರ್ನೇಸಿನವರ ಚೀಟಿ ಇರಲಿಲ್ಲ. ಕೇಳಬೇಕಿತ್ತು. ಗಡಸು ನೋಡುವ ಯಂತ್ರದಲ್ಲಿ ಇಪ್ಪತ್ತೆಂಟಕ್ಕಿಂತ ಮೇಲಿರಬೇಕು ಎಂಬುದು ನಿಯಮ, ಮೂವತ್ತಮೂರು ತೋರಿಸಿತು. ಹದವಿಲ್ಲದ ರಾಡೂ ಅಷ್ಟು ತೋರಿಸುತ್ತದೆ ಎಂದು ಆ ಕೋಣೆಯಲ್ಲಿ ಬಲ್ಲವಳು ನಾನೊಬ್ಬಳೇ. ಆದರೂ ಸಹಿ ಹಾಕಿದೆ. ಪ್ರೇಮ ಮಾಡಿದ ಕೆಲಸ ಎಂದು. ಇದನ್ನು ನಂಬಿಕೆ ಎನ್ನಲೋ, ಸೋಮಾರಿತನ ಎನ್ನಲೋ, ನನಗೇ ನಿಶ್ಚಯವಿಲ್ಲ.

ವಿಚಾರಣೆಯ ದಿನ ಮೇಜಿನ ಮೇಲೆ ಇದ್ದದ್ದು ನಿನ್ನ ಚೀಟಿ ಒಂದೇ. ಅಲ್ಲಿ ಕನ್ನಡ ಓದಲು ಬರುವುದು ನನಗೆ ಮಾತ್ರ. ಮ್ಯಾನೇಜರ್ ತಮಿಳಿನಲ್ಲಿ, ‘ಏನೆಂದು ಬರೆದಿದೆ ಮೇಡಂ?’ ಎಂದರು. ‘ಹದ ಆಗಿದೆ ಎಂದು’ ಅಂದೆ. ‘ಸರಿ, ಆಕೆಯೇ ಬರೆದುಕೊಟ್ಟಿದ್ದಾಳೆ’ ಎಂದು ಅವರು ಪೆನ್ನು ತೆಗೆದರು. ಆಗ ನನ್ನ ಚೀಟಿ ನೆನಪಾಯಿತು. ಅದರಲ್ಲಿದ್ದ ಒಂದೊಂದು ಅಕ್ಷರವೂ. ಬಾಯಿ ತೆರೆಯಲು ಸಮಯವಿತ್ತು. ಅವರು ತಾರೀಕು ಕೇಳಿದರು, ತಾರೀಕು ಹೇಳಿದೆ.

ಈಗ ನೀನು ಕೇಳಿದ ಕಾಗದದ ಬಗ್ಗೆ. ಅದು ನನ್ನ ಕೆಲಸದ ಪ್ರಶ್ನೆ. ಮಗಳು ಪವಿತ್ರಳ ಕಾಲೇಜು ಮುಗಿಯಲು ಇನ್ನೂ ಎರಡು ವರ್ಷವಿದೆ, ಅವಳಿಗೆ ನಾನೊಬ್ಬಳೇ. ನನಗೆ ಸ್ವಲ್ಪ ಕಾಲ ಕೊಡು. ಅಣ್ಣನ ಹತ್ತಿರ ನಾನೇ ಮಾತಾಡುತ್ತೇನೆ. ಅಲ್ಲಿಯವರೆಗೆ ನಿನ್ನ ಅಪ್ಪನ ಹೆಸರಿನಲ್ಲಿ ಬೇರೆ ಕೆಲಸ ಕಳಿಸಬಹುದು: ನಾಗಯ್ಯ ಎಂಜಿನಿಯರಿಂಗ್ ಎಂದು. ಸಣ್ಣ ಪಿನ್ನು, ಬುಷ್ಷು. ಯಾರೂ ಕೇಳುವುದಿಲ್ಲ.

ಚಿಕ್ಕಮಾದನ ಕೈ ಹೇಗಿದೆ?

ಸೌಮ್ಯ


ದೊಡ್ಡಗಾಜನೂರು
4-11-2024

ಸೌಮ್ಯ,

ಇನ್ನು ಮೇಡಂ ಎಂದು ಬರೆಯುವುದಿಲ್ಲ. ಅಷ್ಟು ದೂರ ನಿಂತರೆ ನಿನ್ನನ್ನು ಬೈಯಲು ಆಗುವುದಿಲ್ಲ.

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವನ ಹೆಸರು ಬಂದ ಕಡೆ ತಡೆದು ಕೇಳಿದ. ‘ನನ್ನೆಸ್ರು ಯಾಕಂತೆ ಅವ್ರಿಗೆ? ಅವ್ರೆಸ್ರು ಅವ್ರತ್ರ ಇಲ್ವ?’ ಆಮೇಲೆ, ‘ಸೌಮ್ಯವ್ವ ಒಳ್ಳೇ ಮಗಿ. ಓದ್ಸಿ ಕೆಡ್ಸುಬುಟ್ರು’ ಅಂದ. ನಿನ್ನ ಪರವಾಗಿಯೇ ಅಂದ. ನನಗೆ ನಗುವೂ ಬರಲಿಲ್ಲ.

ನೀನು ಅಣ್ಣನ ಹತ್ತಿರ ಮಾತಾಡಿದೆಯೋ ಇಲ್ಲವೋ ಗೊತ್ತಿಲ್ಲ. ದೀಪಾವಳಿಯ ಮುಂಚೆ ಅವರೇ ಷೆಡ್ಡಿಗೆ ಬಂದಿದ್ದರು. ನಾನು ಯಾರದೋ ಟ್ರ್ಯಾಕ್ಟರಿನ ಪಿನ್ನು ಕಡೆಯುತ್ತಿದ್ದೆ. ಅವರು ಅಂದರು: ‘ನೋಡು ಪ್ರೇಮ, ನಂಗೆ ನಿನ್ ಮ್ಯಾಲೆ ಯಾನೂ ಇಲ್ಲ. ನಮ್ ಸೌಮ್ಯನೇ ಕಂಪನೀಲಿ ಯೋಳವಳೆ, ಅದ ಆಗದೆ ಅಂತ ನೀನೇ ಬರ್ಕೊಟ್ಟಿದ್ದೆ ಅಂತ.’

ನಾನು ಲೇತು ನಿಲ್ಲಿಸಿದೆ. ‘ಅಣ್ಣ, ಆಗದೆ ಅಂದ್ರೆ ಯಾನ?’ ಅಂದೆ.

‘ಆಗದೆ ಅಂದ್ರೆ ಆಗದೆ, ಇನ್ಯಾನ? ಸಾರು ಆಗದೆ, ಉಣ್ಣಕ್ ಬಾ ಅನ್ನಲ್ವ ಮನೇಲಿ?’

ಒಳಗೆ ಹೋಗಿ ನಿನ್ನ ಚೀಟಿ ತಂದು ಕೊಟ್ಟೆ. ಓದಿದರು. ‘ಅದ ಆಗದೆ, ಬಂದದೆ. ಸರಿಯಾಗೇ ಅದೆಯಲ್ಲ. ಇದ್ಯಾರು ಬರ್ದುದು?’ ಅಂದರು. ನಿಮ್ಮ ತಂಗಿ ಅಂದೆ. ಅವರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ‘ಅಂಗಾರೆ ಅವ್ಳೇ ಬರ್ಕೊಡ್ಲಿ. ಬಾಯ್ ಮಾತ್ಗೆಲ್ಲ ನಾನು ಊರೋರ್ ಮುಂದೆ ನಿಂತ್ಕಳಕಾಯ್ತದ?’ ಎಂದು ಗಾಡಿ ಹತ್ತಿದರು.

ನಿನ್ನ ಒಡಹುಟ್ಟಿದವರೂ ಆ ಚೀಟಿಯನ್ನು ನನ್ನ ಹಾಗೆಯೇ ಓದಿದರು. ಬೆಟ್ಟದ ಮೇಲೆ ಇನ್ನೊಂದು ಥರ ಓದುವವರು ಯಾರಾದರೂ ಇದ್ದರೆ ಹೇಳು, ಹೋಗಿ ಕೇಳಿ ಬರುತ್ತೇನೆ.

ನೀನು ಬರೆದದ್ದನ್ನೆಲ್ಲ ಎರಡು ಸಲ ಓದಿದೆ. ನಿನ್ನನ್ನು ನೀನೇ ಚೆನ್ನಾಗಿ ವಿಚಾರಿಸಿಕೊಂಡಿದ್ದೀಯ. ನಂಬಿಕೆಯೋ ಸೋಮಾರಿತನವೋ ಎಂದು ಕೇಳಿಕೊಂಡಿದ್ದೀಯ. ಓದಲು ಚೆನ್ನಾಗಿದೆ. ಆದರೆ ಅದನ್ನು ನನಗೆ ಬರೆದು ಏನು ಪ್ರಯೋಜನ? ನನಗೆ ಗೊತ್ತಿರುವುದನ್ನೇ ನನಗೆ ಒಪ್ಪಿಕೊಂಡಿದ್ದೀಯ. ಈ ಕಾಗದವನ್ನೇ ಎಲ್ಲರಿಗೂ ತೋರಿಸಬಹುದಿತ್ತು. ಅದು ನನಗೆಂದು ಬರೆದದ್ದು, ತೋರಿಸುವುದಿಲ್ಲ. ಆ ನಂಬಿಕೆಯ ಮೇಲೇ ನೀನು ಬರೆದಿದ್ದೀಯ ಎಂದೂ ಗೊತ್ತು.

ಚಿಕ್ಕಮಾದನ ಕೈ ಬಗ್ಗೆ ಕೇಳಿದ್ದೀಯ. ಗಾಯ ಆರಿದೆ. ಮೂರು ಬೆರಳು ಮಡಚುವುದಿಲ್ಲ.

ಸಂಕ್ರಾಂತಿಗೆ ಇನ್ನು ಎಪ್ಪತ್ತು ದಿನ.

ಪ್ರೇಮ


ಕೊಯಮತ್ತೂರು
20 ಡಿಸೆಂಬರ್ 2024

ಪ್ರೇಮ,

ಇದರ ಜೊತೆಗೆ ಹೇಳಿಕೆ ಇದೆ. ಕಂಪನಿಯ ಕಾಗದದಲ್ಲೇ, ಇಂಗ್ಲಿಷಿನಲ್ಲಿ. ವಕೀಲರೊಬ್ಬರಿಗೆ ತೋರಿಸಿ, ಅವರು ಹೇಳಿದ ಕಡೆ ತಿದ್ದಿ, ಸಹಿ ಹಾಕಿದ್ದೇನೆ. ನಿನ್ನ ಮೇಲೆ ಯಾವ ಆರೋಪವೂ ಉಳಿಯುವುದಿಲ್ಲ. ಅಣ್ಣನಿಗೆ ಇದು ಸಾಕು.

ತಡವಾಯಿತು. ಬರೆಯಲು ಕೂತಾಗಲೆಲ್ಲ ಒಂದು ಸಾಲು ಹೆಚ್ಚೆನಿಸುತ್ತಿತ್ತು, ಒಂದು ಸಾಲು ಕಡಿಮೆಯೆನಿಸುತ್ತಿತ್ತು.

ಸೌಮ್ಯ


ದೊಡ್ಡಗಾಜನೂರು
6-1-2025

ಸೌಮ್ಯ,

ನಿನ್ನ ಹೇಳಿಕೆಯನ್ನು ಇದರೊಂದಿಗೆ ವಾಪಸ್ ಕಳಿಸಿದ್ದೇನೆ.

ಹೈಸ್ಕೂಲಿನ ದಯಾನಂದ್ ಮೇಷ್ಟ್ರ ಹತ್ತಿರ ಓದಿಸಿದೆ. ಮೊದಲ ಸಲ ಅವರು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದರು. ಕೇಳಲು ಬಹಳ ಚೆನ್ನಾಗಿತ್ತು. ನಿನ್ನ ಹೆಸರು, ನನ್ನ ಹೆಸರು, ತಾರೀಕು ಎಲ್ಲ ಇತ್ತು. ಆಮೇಲೆ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದರು. ಆ ಒಂದು ಸಾಲನ್ನು ಬರೆಸಿಕೊಂಡಿದ್ದೇನೆ: ‘ಸೂಚನೆಯು ಸ್ಪಷ್ಟ ಕನ್ನಡದಲ್ಲಿ ಇದ್ದಾಗ್ಯೂ, ಗುತ್ತಿಗೆದಾರರು ತಮ್ಮ ಸ್ಥಳೀಯ ಆಡುಮಾತಿನ ಪ್ರಭಾವದಿಂದ ಅದನ್ನು ತಪ್ಪಾಗಿ ಗ್ರಹಿಸಿರುವ ಸಾಧ್ಯತೆ ಇದೆ.’

ಮೇಷ್ಟ್ರು ಕನ್ನಡಕ ತೆಗೆದು, ‘ಇದು ನಿನ್ ಪರವಾಗಿ ಬರ್ದಿರದೋ ವಿರುದ್ಧವಾಗಿ ಬರ್ದಿರದೋ, ನಂಗೊಂಚೂರು ಗೊತ್ತಾಯ್ತಾ ಇಲ್ಲ ಕಣವ್ವ’ ಅಂದರು. ನನಗೆ ಗೊತ್ತಾಯಿತು.

ಸ್ಪಷ್ಟ ಕನ್ನಡ ನಿನ್ನದು, ಆಡುಮಾತು ನನ್ನದು. ನಿನ್ನ ಅಮ್ಮ ಚನ್ನಮಲ್ಲಮ್ಮನವರು ಯಾವ ಮಾತು ಆಡುತ್ತಿದ್ದರು? ಹಿತ್ತಿಲ ಬಾಗಿಲಲ್ಲಿ ನಿಂತು ‘ರೊಟ್ಟಿ ಆಗದೆ, ಬನ್ರಮ್ಮಿ’ ಎಂದು ನಮ್ಮಿಬ್ಬರನ್ನೂ ಕೂಗುತ್ತಿದ್ದರಲ್ಲ. ನೀನು ಆಗದೇ ಇರುವ ರೊಟ್ಟಿಗೆಂದು ಓಡಿ ಹೋಗುತ್ತಿದ್ದೆಯ?

ಚಿಕ್ಕಮಾದನ ಕೈ ಹೋದದ್ದು ನಾನು ತಪ್ಪಾಗಿ ಗ್ರಹಿಸಿದ್ದರಿಂದ ಎಂಬ ಕಾಗದವನ್ನು ಹಿಡಿದುಕೊಂಡು ನಾನೇ ತಿಗನಾರೆಗೆ ಹೋಗಬೇಕೇ? ಇದನ್ನು ತೋರಿಸುವುದಕ್ಕಿಂತ ಸುಮ್ಮನಿರುವುದು ಮರ್ಯಾದೆ. ಸುಮ್ಮನಿದ್ದೇನೆ.

ಸಂಕ್ರಾಂತಿ ಮುಂದಿನ ಮಂಗಳವಾರ.

ಪ್ರೇಮ


ಕೊಯಮತ್ತೂರು
3 ಫೆಬ್ರವರಿ 2025

ಪ್ರೇಮ,

ನೀನು ವಾಪಸ್ ಕಳಿಸಿದ್ದನ್ನು ಹರಿದು ಹಾಕಲಿಲ್ಲ. ಇಟ್ಟುಕೊಂಡಿದ್ದೇನೆ. ‘ಸ್ಪಷ್ಟ ಕನ್ನಡ’ ಎಂಬುದನ್ನು ವಕೀಲರು ಸೇರಿಸಿದರು ಎಂದು ನಿನಗೆ ಬರೆಯಬೇಕೆಂದಿದ್ದೆ. ಅದು ಸುಳ್ಳು. ವಕೀಲರಿಗೆ ಕನ್ನಡ ಬರುವುದಿಲ್ಲ. ಅದು ನನ್ನದೇ.

ಹೊಸದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ. ಎರಡೂ ಒಂದೇ ಹೇಳುತ್ತವೆ, ಮೇಷ್ಟ್ರಿಗೆ ತೋರಿಸಿ ನೋಡು. ಕನ್ನಡದ್ದು ಇದು:

‘ಜೂನ್ 2024ರಲ್ಲಿ ಹದವಿಲ್ಲದ ರಾಡನ್ನು ಆರಿಸಿ ಪ್ರೇಮಳಿಗೆ ಕಳಿಸಿದವಳು ನಾನು. ಹದವಿಲ್ಲ ಎಂದು ತಿಳಿಸಲು ನಾನು ಬರೆದ ಮಾತಿಗೆ ಅವಳ ಊರಿನಲ್ಲಿ, ಅದು ನನ್ನ ಊರೂ ಹೌದು, ಹದವಾಗಿದೆ ಎಂದೇ ಅರ್ಥ. ಅದಕ್ಕೆ ಮೊದಲಿನ ಚೀಟಿಗಳಲ್ಲೆಲ್ಲ ನಾನೇ ಅದನ್ನು ಆ ಅರ್ಥದಲ್ಲಿ ಬರೆದಿದ್ದೆ. ಅವಳು ಓದಬೇಕಾದ ಹಾಗೆಯೇ ಓದಿದಳು. ಫರ್ನೇಸಿನ ಚೀಟಿ ಇಲ್ಲದ ಮಾಲಿಗೆ ಸಹಿ ಹಾಕಿದವಳು ನಾನು. ವಿಚಾರಣೆಯಲ್ಲಿ ಅವಳ ಚೀಟಿಯನ್ನು ಓದಿ ಹೇಳಿದೆ, ನನ್ನ ಚೀಟಿಯ ಸುದ್ದಿ ಎತ್ತಲಿಲ್ಲ. ಚಿಕ್ಕಮಾದನ ಕೈಗೆ ಆದದ್ದರಲ್ಲಿ ಪ್ರೇಮಳ ತಪ್ಪು ಇಲ್ಲ.’

ಇದನ್ನು ಮ್ಯಾನೇಜರ್‌ಗೆ ಜನವರಿ 22ರಂದು ಕೊಟ್ಟೆ. ಅಂದು ಪವಿತ್ರಳಿಗೆ ಎಲ್ಲ ಹೇಳಿ, ಮೇಜಿನ ಡ್ರಾಯರ್ ಖಾಲಿ ಮಾಡಿಕೊಂಡು, ಅವರ ಕೋಣೆಗೆ ಹೋದೆ. ಅವರು ನಿಂತೇ ಓದಿದರು. ‘ಆ ತಿರುಪ್ಪೂರಿನ ವಿಷಯವಾ? ಅದು ಅಕ್ಟೋಬರ್‌ನಲ್ಲೇ ಮುಗಿಯಿತಲ್ಲ’ ಎಂದರು. ‘ತಪ್ಪು ನನ್ನದು ಎಂದು ಬರೆದಿದ್ದೇನೆ ಸಾರ್’ ಅಂದೆ. ‘ಆಯಿತು ಮೇಡಂ, ಫೈಲಿಗೆ ಹಾಕಿ. ಇನ್ನು ಮೇಲೆ ಇಂಗ್ಲಿಷಿನಲ್ಲೇ ಚೀಟಿ ಬರೆಯಿರಿ’ ಎಂದರು. ಮೀಟಿಂಗಿಗೆ ಹೊತ್ತಾಗಿತ್ತು, ಹೋದರು.

ಇಷ್ಟೇ ಆದದ್ದು. ಬೈಯಲೂ ಇಲ್ಲ. ಡ್ರಾಯರಿನ ಸಾಮಾನನ್ನು ಮತ್ತೆ ಒಳಗಿಟ್ಟೆ.

ಐದು ತಿಂಗಳು ನಾನು ಹೆದರಿದ್ದು ಯಾವುದಕ್ಕೆ ಎಂದು ಈಗ ಕೇಳಿಕೊಳ್ಳುತ್ತಿದ್ದೇನೆ. ನನ್ನ ಕೆಲಸ ಅಪಾಯದಲ್ಲಿ ಇರಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಕೊಟ್ಟಿದ್ದರೂ ಬಹುಶಃ ಇದನ್ನೇ ಅನ್ನುತ್ತಿದ್ದರು. ಹೋಗಲಿ, ಕೆಲಸವೇ ಹೋಗಿದ್ದರೆ ನಿನ್ನ ಎದುರಿಗೆ ನಿಲ್ಲುವುದು ನನಗೆ ಸುಲಭವಾಗುತ್ತಿತ್ತು. ಹೀಗೆ ಯೋಚಿಸುವುದೂ ನನ್ನ ಬಗ್ಗೆಯೇ ಯೋಚಿಸಿದಂತೆ, ಗೊತ್ತು.

ನಿನ್ನ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಲು ಕೇಳಿದೆ. ಆ ಸ್ಪಿಂಡಲ್‌ಗಳನ್ನು ಈಗ ಇಲ್ಲೇ ಕೊಯಮತ್ತೂರಿನಲ್ಲಿ ಮಾಡಿಸುತ್ತಿದ್ದಾರಂತೆ.

ಅಣ್ಣನಿಗೂ ಒಂದು ಪ್ರತಿ ಕಳಿಸಿದೆ. ಅವನು ಫೋನ್ ಮಾಡಿ, ‘ಇದ ಸಂಕ್ರಾಂತಿಗ್ ಮುಂಚೆ ಕಳ್ಸಕಾಗ್ನಿಲ್ವ ನಿಂಗೆ?’ ಎಂದು ಕೇಳಿದ. ಷೆಡ್ಡಿಗೆ ಗೊಬ್ಬರದ ಅಂಗಡಿಯವರು ಬಂದಾಗಿದೆ ಎಂದ.

ಲೇತು ಎಲ್ಲಿದೆ?

ಸೌಮ್ಯ


ದೊಡ್ಡಗಾಜನೂರು
24-2-2025

ಸೌಮ್ಯ,

ಕಾಗದ ಬಂತು. ಮೇಷ್ಟ್ರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿ, ಒಂದೇ ಇದೆ ಅಂದರು.

ಲೇತನ್ನು ಸಂಕ್ರಾಂತಿಯ ಹಿಂದಿನ ದಿನ ಜೀರಹಳ್ಳಿಗೆ ಸಾಗಿಸಿದೆವು. ಅಪ್ಪನ ಕಡೆಯ ನೆಂಟರ ಕೊಟ್ಟಿಗೆಯಲ್ಲಿ ಇದೆ. ಅಲ್ಲಿ ಮನೆ ಕರೆಂಟು ಬಿಟ್ಟು ಬೇರೆ ಇಲ್ಲ, ಲೇತು ತಿರುಗುವುದಿಲ್ಲ. ಎಣ್ಣೆ ಹಚ್ಚಿ ಟಾರ್ಪಾಲು ಹೊದಿಸಿದ್ದೇನೆ. ನಾನು ತಾಳವಾಡಿಯಲ್ಲಿ ವೆಲ್ಡಿಂಗ್ ಅಂಗಡಿಯೊಂದಕ್ಕೆ ಹೋಗುತ್ತಿದ್ದೇನೆ. ಔಷಧಿ ಹೊಡೆಯುವ ಪಂಪು, ಗೇಟು, ಎತ್ತಿನ ಗಾಡಿಯ ಕೀಲು. ಅದಕ್ಕೆಲ್ಲ ಹದ ಬೇಕಿಲ್ಲ.

ನಿನ್ನೆ ಭಾನುವಾರ ತಿಗನಾರೆಗೆ ಹೋದೆ. ಮಾಯಮ್ಮ ಈ ಸಲವೂ ಬಾಗಿಲಲ್ಲೇ ಇದ್ದರು. ‘ಒಂದು ಕಾಗದ ಓದಿ ಓಗ್ತೀನಿ, ಒಳಕ್ಕೆ ಬರಲ್ಲ’ ಅಂದೆ. ಚಿಕ್ಕಮಾದ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಪಕ್ಕದ ಮನೆಯವರೂ ಬಂದು ನಿಂತರು. ನಿಂತುಕೊಂಡೇ ಪೂರ್ತಿ ಓದಿದೆ. ಆಡುಮಾತಿನವಳು ಓದಿದರೂ ಎಲ್ಲರಿಗೂ ಅರ್ಥವಾಯಿತು.

ಚಿಕ್ಕಮಾದ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ, ‘ಅಂಗಾರೆ ನನ್ ಕಯ್ಯ ಬೇಯಿಸ್ದುದು ಒಂದ್ ಮಾತಾ ಪ್ರೇಮಕ್ಕ? ನಾನು ಇಷ್ಟ್ ದಿನ ಕಬ್ಬುಣ ಅಂದ್ಕಂಡಿದ್ದಿ’ ಅಂದ. ನಿಂತವರು ನಕ್ಕರು. ಅವನೂ ನಕ್ಕ. ಮಾಯಮ್ಮ ನಗಲಿಲ್ಲ. ‘ಬರ್ದೋಳು ಯಾಕ್ ಬರ್ನಿಲ್ಲ?’ ಎಂದು ಕೇಳಿದರು. ಅವಳು ಕೊಯಮತ್ತೂರಿನಲ್ಲಿ ಇದ್ದಾಳೆ ಅಂದೆ. ‘ಬಸ್ಸಿಲ್ವ?’ ಅಂದರು. ಅದು ನಾನು ಕೊಡಬೇಕಾದ ಉತ್ತರ ಅಲ್ಲ. ಕಾಗದವನ್ನು ಅವರ ಮನೆಯಲ್ಲೇ ಬಿಟ್ಟು ಬಂದೆ. ಅದು ಅವರದ್ದು.

ನೀನು ಬರೆದದ್ದಕ್ಕೆ ನನ್ನಲ್ಲಿ ಕೋಪ ಉಳಿದಿಲ್ಲ. ನಿಜವನ್ನೇ ಬರೆದಿದ್ದೀಯ. ಷೆಡ್ಡು ಹೋದ ಮೇಲೆ ಬರೆದೆ ಎಂಬುದೂ ಒಂದು ನಿಜ. ಎರಡನ್ನೂ ಇಟ್ಟುಕೊಳ್ಳುತ್ತೇನೆ.

ಇನ್ನು ಮೇಲೆ ಬರೆಯುವುದಿದ್ದರೆ ಇಂಗ್ಲಿಷಿನಲ್ಲಿ ಬರಿ. ಮ್ಯಾನೇಜರ್ ಹೇಳಿದರು ಎಂದಲ್ಲ. ಮೇಷ್ಟ್ರ ಹತ್ತಿರ ಹೋಗಿ, ಕೂತು, ಒಂದೊಂದೇ ಸಾಲು ಓದಿಸಿಕೊಂಡು ತಿಳಿದುಕೊಳ್ಳುತ್ತೇನೆ. ನಿನ್ನ ಕನ್ನಡ ನನಗೆ ಬಹಳ ಸಲೀಸಾಗಿ ಅರ್ಥವಾಗಿಬಿಡುತ್ತದೆ. ನನಗೆ ಈಗ ಅದೇ ಭಯ.

ಪ್ರೇಮ